ಶಾಫ್ಟಿನ ಮೇಲಿನ ವಿಭೂತಿ

ಕಳೆದ ಸೋಮವಾರ ಯಳಂದೂರಿನ ನಮ್ಮ ಮನೆಯ ಮುಂದೆ ತಮ್ಮ ಮಾದೇಶ ಪಿಕಪ್ ತಂದು ನಿಲ್ಲಿಸಿದ. ಹನೂರಿಗೆ ಹೋಗಬೇಕಿತ್ತು. ಬರುತ್ತೇನೆಂದದ್ದು ಎಂಟಕ್ಕೆ, ಬಂದದ್ದು ಎಂಟೂ ಇಪ್ಪತ್ತಕ್ಕೆ. ಆ ಮಾತು ಈಗ ಬೇಡ. ಗೇರ್ ಹಾಕಿ ಕ್ಲಚ್ ಬಿಟ್ಟದ್ದೇ ತಡ, ಗಾಡಿಯ ಕೆಳಗಿಂದ ‘ಟಣ್’ ಎಂದು ಸದ್ದು ಬಂತು.

“ಜಾಯಿಂಟ್ ಕ್ರಾಸ್ ಸವೆದಿದೆ ಕಣೋ,” ಎಂದೆ.

“ನಿಂಗೆಂಗ್ ಗೊತ್ತಕ್ಕ?”

ಗೊತ್ತಿರುವುದಕ್ಕೆ ಕಾರಣವಿದೆ. ಹೇಳಬೇಕಾದರೆ ಹಳೆಯದೊಂದು ಮಧ್ಯಾಹ್ನಕ್ಕೆ ನಿಮ್ಮನ್ನು ಕರೆದೊಯ್ಯಬೇಕು. ಆ ಮಧ್ಯಾಹ್ನದಲ್ಲಿ ನನ್ನ ನಡತೆ ಅಷ್ಟೇನೂ ಚೆನ್ನಾಗಿಲ್ಲ.

ಆಗ ನಾನು ಕೊಳ್ಳೇಗಾಲದ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಕತ್ತರಿ, ಇಕ್ಕಳ, ಹತ್ತಿ ಎಲ್ಲವನ್ನೂ ಎಣಿಸಿ ಇಡುವುದು, ಎಣಿಸಿ ತೆಗೆಯುವುದು, ಒರೆಸುವುದು ನನ್ನ ಕೆಲಸ. ಅಭ್ಯಾಸ ಮನೆಗೂ ಬಂತು. ಉಂಡವರು ಏಳುವ ಮೊದಲೇ ತಟ್ಟೆ ಎತ್ತುತ್ತೇನೆಂದು ಮಾದೇಶನ ಹೆಂಡತಿಯ ದೂರು. ದೂರು ನಿಜ.

ಮಾದೇಶ ಬಂಡಳ್ಳಿ ಕಡೆಯ ರೇಷ್ಮೆಗೂಡನ್ನು ಕೊಳ್ಳೇಗಾಲದ ಮಾರುಕಟ್ಟೆಗೆ ಸಾಗಿಸುತ್ತಿದ್ದ. ನಾನು ರಜೆಯಲ್ಲಿ ಹನೂರಿನ ಅವನ ಮನೆಯಲ್ಲಿದ್ದಾಗ ಗಾಡಿ ಹೀಗೇ ‘ಟಣ್’ ಎನ್ನತೊಡಗಿತು. ಅಲ್ಲಿನ ಮೆಕ್ಯಾನಿಕ್ ಸಿದ್ದರಾಜುವಿನ ಶೆಡ್ಡಿಗೆ ಅವನ ಜೊತೆ ನಾನೂ ಹೋದೆ.

ಪಿಕಪ್ಪಿನ ಎಂಜಿನ್ ಮುಂದೆ, ಅದು ತಿರುಗಿಸಬೇಕಾದ ಗಾಲಿ ಹಿಂದೆ. ನಡುವೆ ಉದ್ದನೆಯ ಶಾಫ್ಟು, ಹಲ್ಲಿಗೆ ಹಲ್ಲು ಕೂರುವ ಎರಡು ತುಂಡಿನದು. ಗುಂಡಿ ಬಂದಾಗ ಹಿಂದಿನ ಗಾಲಿ ಮೇಲೆ ಕೆಳಗೆ ಆಡುತ್ತದೆ. ಶಾಫ್ಟು ಅದರೊಂದಿಗೆ ಬಾಗುತ್ತಲೇ ತಿರುಗಬೇಕು. ಅದಕ್ಕೇ ಎರಡೂ ತುದಿಗೆ ನಾಲ್ಕು ತೋಳಿನ ಕೀಲುಗಳು. ಅವೇ ಜಾಯಿಂಟ್ ಕ್ರಾಸ್. ಪ್ರತಿ ತೋಳಿಗೂ ಒಂದು ಬಟ್ಟಲು, ಬಟ್ಟಲೊಳಗೆ ಸೂಜಿಯಂಥ ಉರುಳೆಗಳು. ಗ್ರೀಸ್ ಒಣಗಿತೋ, ಸೂಜಿಗಳು ತುಕ್ಕಿನ ಪುಡಿಯಾಗುತ್ತವೆ.

ಗಾಡಿಯ ಕೆಳಗೆ ನುಗ್ಗಿದ ಸಿದ್ದರಾಜು, ಬಿಚ್ಚುವ ಮೊದಲು ಡಬ್ಬಿಯಿಂದ ಒದ್ದೆ ವಿಭೂತಿ ತೆಗೆದು ಶಾಫ್ಟಿನ ಎರಡು ತುಂಡು ಸೇರುವಲ್ಲಿ ಆಚೆ ಮೂರು ಗೆರೆ, ಈಚೆ ಮೂರು ಗೆರೆ ಎಳೆದ. ಭಕ್ತ, ಎಂದುಕೊಂಡೆ. ನಮ್ಮ ಡಾಕ್ಟರೂ ಚಾಕು ಹಿಡಿಯುವ ಮೊದಲು ಕ್ಷಣ ಕಣ್ಣು ಮುಚ್ಚುತ್ತಿದ್ದರು.

ಶಾಫ್ಟು ಎರಡು ತುಂಡಾಗಿ ಕೆಳಗಿಳಿಯಿತು. ಹೊಸ ಕ್ರಾಸ್ ತರಲು ಸಿದ್ದರಾಜು ಕೊಳ್ಳೇಗಾಲದ ಬಸ್ಸು ಹತ್ತಿದ. ಮಾದೇಶ ಗಾಡಿಯಲ್ಲೇ ಗೊರಕೆ ಹೊಡೆದ. ನನ್ನೆದುರು ಗೋಣಿಚೀಲದ ಮೇಲೆ ಅಡ್ಡಾದಿಡ್ಡಿ ಬಿದ್ದ ಎಣ್ಣೆಜಿಡ್ಡಿನ ಕಬ್ಬಿಣ. ನಾನೇನು ಮಾಡಿರಬಹುದೆಂದು ನೀವೇ ಊಹಿಸಿ. ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ಒರೆಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದೆ. ವಿಭೂತಿಯನ್ನೂ ಒರೆಸಿದೆ. ಪೂಜೆ ಮುಗಿದಿತ್ತಲ್ಲ!

ಸಿದ್ದರಾಜು ಬಂದವನೇ ಶಾಫ್ಟಿನ ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. “ಏನಾದರೂ ಬೇಕಿತ್ತಾ?” ಎಂದೆ. “ಏನಿಲ್ಲ ಸಿಸ್ಟ್ರಮ್ಮ,” ಎಂದು ಕೆಲಸಕ್ಕೆ ಕೂತ.

ಮಾರನೆಯ ಬೆಳಿಗ್ಗೆ ಮಾದೇಶ ಬಂಡಳ್ಳಿಯಿಂದ ಗೂಡು ತುಂಬಿಕೊಂಡು, ಡ್ಯೂಟಿಗೆ ಹೊರಟಿದ್ದ ನನ್ನನ್ನು ಹತ್ತಿಸಿಕೊಂಡು, ಗಾಡಿಯನ್ನು ನೇರ ಶೆಡ್ಡಿಗೆ ನುಗ್ಗಿಸಿದ. ಅಲ್ಲಿ ಇನ್ನಿಬ್ಬರು ಡ್ರೈವರುಗಳಿದ್ದರು.

“ರಿಪೇರಿ ಮಾಡ್ದ್ಯೋ ಹಾಳ್ಮಾಡ್ದ್ಯೋ? ವಸಿ ಜೋರಾಗ್ ಓದ್ರೆ ಗಾಡಿ ಗಡಗಡ ನಡುಗ್ತದಲ್ಲೋ!”

“ಎರಡ್ ತುಂಡ್ಗೂ ಎದ್ರುಬದ್ರು ಗುರ್ತ್ ಆಕಿದ್ದೆ ಕಣಣ್ಣ. ಮೊದ್ಲಿದ್ದಲ್ಲಿಗೇ ಕೂರ್ಬೇಕು ಅದು. ಬಂದ್ ನೋಡಿದ್ರೆ ಗುರ್ತೇ ಇಲ್ಲ. ಅಂದಾಜ್ನಾಗೆ ಕೂರ್ಸ್ದೆ.”

“ಗುರ್ತ್ನ ಕಾಗೆ ಕಚ್ಕಂಡೋಯ್ತಾ?”

ಡ್ರೈವರುಗಳು ನಕ್ಕರು. ನಾನು ಗಡಿಯಾರ ನೋಡಿಕೊಂಡೆ. ಥಿಯೇಟರಿನಲ್ಲಿ ಹತ್ತಿಯ ಒಂದು ಉಂಡೆ ಲೆಕ್ಕಕ್ಕೆ ಸಿಗದಿದ್ದರೆ ಹೊಟ್ಟೆ ಹೊಲಿಯಲು ಬಿಡದವಳು, ಅಂದು “ಡ್ಯೂಟಿಗೆ ಹೊತ್ತಾಯ್ತು” ಎಂದಷ್ಟೇ ಹೇಳಿದೆ.

ಸಿದ್ದರಾಜು ಶಾಫ್ಟು ಇಳಿಸಿ, ಒಂದು ಹಲ್ಲು ಆಚೆ ಕೂರಿಸಿದ. ಗಾಡಿಯ ನಡುಕ ನಿಂತಿತು, ಮಾದೇಶನ ಬಾಯಿ ನಿಲ್ಲಲಿಲ್ಲ. ರಾಮಾಪುರದವರೆಗೂ ಸಿಕ್ಕ ಡ್ರೈವರಿಗೆಲ್ಲ “ಅವ್ನಿಗೆ ಕೆಲ್ಸ ಬರದಿಲ್ಲ” ಎಂದ. ಪಿಕಪ್ಪುಗಳು ಒಂದೊಂದಾಗಿ ಆ ಶೆಡ್ಡು ದಾಟಿ ರಿಪೇರಿಗೆ ಕೊಳ್ಳೇಗಾಲಕ್ಕೆ ಹೋಗತೊಡಗಿದವು. ಅದು ನನಗೆ ತಿಳಿದಿತ್ತು. ಆಗಲೂ ಸುಮ್ಮನಿದ್ದೆ.

ಮೊನ್ನೆ ಸೋಮವಾರ ಹನೂರು ಬಂದಾಗ “ಸಿದ್ದರಾಜು ಶೆಡ್ಡಿಗೆ ತಿರುಗಿಸು,” ಎಂದೆ.

“ಅವನತ್ರನಾ? ಗ್ಯಾನ ಐತಾ ನಿಂಗೆ?”

“ತಿರುಗಿಸೋ.”

ಸಿದ್ದರಾಜುವಿನ ತಲೆ ನರೆತಿತ್ತು. ಶೆಡ್ಡಿನಲ್ಲಿ ಬೇರೆ ಗಾಡಿ ಇರಲಿಲ್ಲ. ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, ಅವತ್ತು ಗುರುತು ಒರೆಸಿದ್ದು ನಾನು ಎಂದೆ.

“ಅಕ್ಕಾ, ಇಷ್ಟ್ ವರ್ಸ ನನ್ ಬಾಯಲ್ಲಿ ಅವನ್ನ ಬೈಸ್ಬುಟ್ಟಲ್ಲ!” ಎಂದ ಮಾದೇಶ.

ಸಿದ್ದರಾಜು ಕೈ ಒರೆಸಿಕೊಂಡ. “ನಂಗವತ್ತೇ ಗೊತ್ತಿತ್ತು ಸಿಸ್ಟ್ರಮ್ಮ. ನೀವ್ ಒರ್ಸಿದ್ ಬಟ್ಟೆ ತುಂಬ ವಿಬೂತಿ.”

“ಮತ್ತೆ ಯಾಕಪ್ಪ ಹೇಳಲಿಲ್ಲ?”

“ನೀವೇ ಯೋಳ್ತೀರ ಅಂತಿದ್ದೆ. ವಸಿ ತಡ ಆಯ್ತು.”

ಇಪ್ಪತ್ತು ನಿಮಿಷದ ತಡಕ್ಕೆ ತಮ್ಮನ ಮೇಲೆ ಮುಖ ಗಂಟಿಕ್ಕಿಕೊಂಡು ಬಂದವಳು ನಾನು.

ಸಿದ್ದರಾಜು ಗಾಡಿಯ ಕೆಳಗೆ ಸರಿದ. ಈ ಸಲ ವಿಭೂತಿ ತೆಗೆಯಲಿಲ್ಲ. ಉಳಿ ಇಟ್ಟು ಸುತ್ತಿಗೆಯಿಂದ ಶಾಫ್ಟಿಗೆ ಆಚೆಗೊಂದು, ಈಚೆಗೊಂದು ಕಚ್ಚು ಹೊಡೆದ. “ಅವತ್ತಿಂದ ಇಂಗೇಯ. ಎಷ್ಟೊರ್ಸಿದ್ರೂ ಓಗದಿಲ್ಲ,” ಎಂದು ಕೆಳಗಿನಿಂದಲೇ ಕೂಗಿದ.

ಮಾದೇಶ ಆಚೆ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: “ಗಾಡಿ ಸಿದ್ರಾಜನತ್ರನೇ ತಕಂಡ್ ಬಾ ಕಣ್ಲಾ. ಅವತ್ತಿನ್ ತಪ್ಪು ನಮ್ಮನೇದು.” ಸ್ವಲ್ಪ ಹೊತ್ತಿನಲ್ಲಿ ಗೋಣಿಚೀಲದ ಮೇಲೆ ಬಿಚ್ಚಿಟ್ಟ ಕಬ್ಬಿಣ ಅಡ್ಡಾದಿಡ್ಡಿ ಬಿದ್ದಿತ್ತು, ಪಕ್ಕದಲ್ಲೇ ಬಟ್ಟೆಯೂ ಇತ್ತು. ನಾನು ಕೈ ಕಟ್ಟಿಕೊಂಡು ಕುಳಿತೆ.