ಹತ್ತನೆಯ ಕಥೆಯಲ್ಲಿ ನಗುವ ಜಾಗ

ಮಲಾಡಿನ ಆ ಬಿಲ್ಡಿಂಗಿನಲ್ಲಿ ಮಹಾದೇವಿ ಮೂರು ಮನೆಯ ಕೆಲಸ ಮಾಡುತ್ತಾಳೆ. ಹನ್ನೊಂದು ವರ್ಷದಲ್ಲಿ ಮೂರರಲ್ಲಿ ಯಾವ ಮನೆಯಲ್ಲೂ ಅವಳು ಕೂತವಳಲ್ಲ. ಬಗ್ಗಿ ಗುಡಿಸಿದ್ದಾಳೆ, ಕುಕ್ಕರುಗಾಲಲ್ಲಿ ನೆಲ ಒರೆಸಿದ್ದಾಳೆ, ಚಹಾವನ್ನು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತೇ ಕುಡಿದಿದ್ದಾಳೆ. ಕೂರಬೇಡ ಎಂದು ಯಾರೂ ಹೇಳಿರಲಿಲ್ಲ. ಕೂರು ಎಂದೂ ಹೇಳಿರಲಿಲ್ಲ. ಅವಳನ್ನು ಮೊದಲ ಸಲ ಕೂರಿಸಿದ್ದು ಒಂದು ಸತ್ತ ಎಮ್ಮೆ.

ಎಮ್ಮೆ ಇದ್ದದ್ದು ಪುಸ್ತಕದಲ್ಲಿ. ಹತ್ತನೆಯ ಮಹಡಿಯ ಜ್ಯೋತ್ಸ್ನಾಳ ಮಗಳು ನಿಶ್ಮಿತಾಳಿಗೆ ಐದು ವರ್ಷ. ಮೊಮ್ಮಗಳಿಗೆ ನಾಲ್ಕಕ್ಷರ ಕನ್ನಡ ಬರಲಿ ಎಂದು ಉಡುಪಿಯಿಂದ ಅಜ್ಜಿ ಅಕ್ಕು ಅದನ್ನು ಕಳಿಸಿದ್ದರು. ಸತ್ತು ದೆವ್ವವಾದ ಪ್ರಾಣಿಗಳ ಹತ್ತು ಕಥೆಗಳು, ಪುಟಕ್ಕೊಂದು ಚಿತ್ರ. ಆದರೆ ಜ್ಯೋತ್ಸ್ನಾ ಹುಟ್ಟಿ ಬೆಳೆದದ್ದು ಅಂಧೇರಿಯಲ್ಲಿ. ಅವಳ ಬಾಯಲ್ಲಿ ಕನ್ನಡವಿತ್ತು, ಕಣ್ಣಿಗೆ ಅದರ ಅಕ್ಷರಗಳ ಗುರುತಿರಲಿಲ್ಲ. ಗಂಡ ಹಿತೇಶ ಹೋಟೆಲಿನ ಕೆಲಸಕ್ಕೆ ಹೋದರೆ ಮನೆಗೆ ಬರುವಾಗ ಮಗಳು ಮಲಗಿರುತ್ತಿದ್ದಳು. ಪುಸ್ತಕ ಟಿವಿಯ ಪಕ್ಕ ಧೂಳು ಹಿಡಿದು ಕೂತಿತ್ತು.

ಆ ಧೂಳು ಒರೆಸುವುದು ಮಹಾದೇವಿಯ ಕೆಲಸ. ಆಳಂದದ ಕಡೆಯ ಹಳ್ಳಿಯಲ್ಲಿ ಐದನೆಯ ಇಯತ್ತೆ ಮುಗಿಸಿದವಳು ಅವಳು. ಆಮೇಲೆ ಅಪ್ಪನ ಹಿಂದೆ ಮುಂಬಯಿಗೆ ಬಂದು ಇಟ್ಟಿಗೆ ಹೊತ್ತಳು, ಮದುವೆಯಾದಳು, ಹೆತ್ತಳು, ಕಂಡವರ ಪಾತ್ರೆ ತೊಳೆದಳು. ಈ ಮೂವತ್ತು ವರ್ಷದಲ್ಲಿ ಅವಳು ಓದಿದ ಕನ್ನಡವೆಂದರೆ ಊರಿನಿಂದ ಬಂದ ಲಗ್ನಪತ್ರಿಕೆಗಳು ಮಾತ್ರ. ಒಂದು ಮಧ್ಯಾಹ್ನ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಪುಸ್ತಕ ತೆರೆದಳು. ಎಮ್ಮೆಯ ದೆವ್ವವೊಂದು ಕಿಟಕಿಯಲ್ಲಿ ತಲೆ ಹಾಕಿ, ಒಳಗಿದ್ದವರು ಕಿರುಚಿದಾಗ ತಾನೇ ನಾಚಿ, 'ಹೆದರಬೇಡಿ, ನಾನು ಸತ್ತಿದ್ದೇನೆ ಅಷ್ಟೆ' ಎನ್ನುತ್ತಿತ್ತು.

ಮಹಾದೇವಿ ಗೊಳ್ಳೆಂದು ನಕ್ಕುಬಿಟ್ಟಳು.

ಅರ್ಧ ಗಂಟೆಯಿಂದ ಬಾಯಿ ಬಿಗಿದುಕೊಂಡು ಅನ್ನದ ತಟ್ಟೆಯ ಮುಂದೆ ಕೂತಿದ್ದ ನಿಶ್ಮಿತಾ ತಿರುಗಿ ನೋಡಿದಳು. "ಕ್ಯಾ ಹುವಾ, ಮಹಾದೇವಿ?"

"ಎಮ್ಮಿ ದೆವ್ವ ಆಗ್ಯಾದ ನೋಡವ್ವ. ಏನಂತದ ಗೊತ್ತೇನು? ಅಂಜಬ್ಯಾಡ್ರೀ, ನಾ ಸತ್ತೀನಿ, ಅಷ್ಟ!"

ಹುಡುಗಿ ನಗಲು ಬಾಯಿ ತೆರೆದದ್ದೇ ಜ್ಯೋತ್ಸ್ನಾ ಒಂದು ತುತ್ತು ತುರುಕಿದಳು. "ನಿಲ್ಲಿಸ್ಬೇಡ ಮಾರಾಯ್ತಿ! ಓದು, ಓದು!"

ಮರುದಿನ ಬಾಲ್ಕನಿಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಸ್ಟೂಲು ಊಟದ ಮೇಜಿನ ಹತ್ತಿರ ಬಂತು. ದಿನಾ ಒಂದೂವರೆಗೆ ಮಹಾದೇವಿ ಕೈ ಒರೆಸಿಕೊಂಡು ಅದರ ಮೇಲೆ ಕೂರುತ್ತಿದ್ದಳು. ಬೆನ್ನು ನೆಟ್ಟಗಾಗುತ್ತಿತ್ತು. ಕತ್ತಲೆಗೆ ಹೆದರಿ ಲಾಟೀನು ಹಿಡಿದು ಹಾರುವ ಗೂಬೆಯ ದೆವ್ವ, ಸತ್ತ ಮೇಲೆ ನೇರ ನಡೆಯಲು ಬಂದು ಬಳಗದವರೆದುರು ಮುಖ ಮುಚ್ಚಿಕೊಳ್ಳುವ ಏಡಿ, ಪ್ರಾಣ ಹೋದರೂ ಮೀನಿನ ಬುಟ್ಟಿ ಬಿಡದ ಬೆಕ್ಕು. ಒಂದೊಂದಕ್ಕೂ ಒಂದೊಂದು ದನಿ ತೆಗೆದು ಓದುತ್ತಿದ್ದಳು. ಮಗುವಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಮಹಾದೇವಿ ನಕ್ಕಲ್ಲಿ ತಾನೂ ನಗುತ್ತಿತ್ತು. ತಟ್ಟೆ ಖಾಲಿಯಾಗುತ್ತಿತ್ತು. ಆ ಅರ್ಧ ಗಂಟೆಯನ್ನು ಜ್ಯೋತ್ಸ್ನಾ ಕೆಲಸವೆಂದು ಎಣಿಸಲಿಲ್ಲ. ಕೂತು ಮಾಡುವುದು ಎಂಥ ಕೆಲಸ? ಪಾತ್ರೆಗಳು ಸಿಂಕಿನಲ್ಲಿ ಕಾಯುತ್ತಿದ್ದವು, ಮಹಾದೇವಿ ಅರ್ಧ ಗಂಟೆ ತಡವಾಗಿ ಮನೆಗೆ ಹೋಗುತ್ತಿದ್ದಳು. ಅವಳಿಗದು ಬೇಸರವೆನಿಸಲಿಲ್ಲ.

ಒಂಬತ್ತು ಕಥೆ ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದಳು. ಹತ್ತನೆಯದನ್ನು ಮುಟ್ಟಲಿಲ್ಲ. ಅದರಲ್ಲಿ ಆ ಎಮ್ಮೆ ತನ್ನ ಹಳೆಯ ಯಜಮಾನಿಯ ಮನೆಗೆ ವಾಪಸು ಹೋಗುತ್ತದೆ. ಇಷ್ಟು ಮಾತ್ರ ಮೊದಲ ಪುಟದ ಚಿತ್ರ ನೋಡಿ ತಿಳಿದಿತ್ತು. ಪುಸ್ತಕವನ್ನು ದಿನಾ ಒರೆಸುವಾಗಲೂ ಅದರ ಮುಂದಿನ ಪುಟ ತಿರುವಿ ನೋಡಲಿಲ್ಲ.

"ಅದು ನಿನ್ನ ಹುಟ್ಟಿದ ದಿನಕ್ಕವ್ವ," ಎಂದು ನಿಶ್ಮಿತಾಳಿಗೆ ಹೇಳಿದಳು. ಎಲೆಯ ತುದಿಯಲ್ಲಿ ಹೋಳಿಗೆ ಉಳಿಸಿಕೊಂಡವರ ಹಾಗೆ ಮಹಾದೇವಿ ಮೂರು ವಾರ ಕಾದಿದ್ದಳು.

ಒಂದು ದಿನ ವಿಡಿಯೋ ಕಾಲಿನಲ್ಲಿ ನಿಶ್ಮಿತಾ ಕಣ್ಣರಳಿಸಿ, "ಅಂಜಬ್ಯಾಡ್ರೀ ಅಜ್ಜಿ!" ಎಂದಳು.

"ಇದೆಂಥ ಭಾಷೆ ಮಗುವಿನ ಬಾಯಲ್ಲಿ?" ಎಂದರು ಅಕ್ಕು.

"ಉಣ್ತಾಳಲ್ಲ ಅತ್ತೆ. ಭಾಷೆ ಆಮೇಲೆ ತೊಳ್ದರಾಯ್ತು," ಎಂದಳು ಜ್ಯೋತ್ಸ್ನಾ. ಮಹಾದೇವಿ ಎರಡು ಮಾರು ದೂರದಲ್ಲಿ ಕಿಟಕಿ ಒರೆಸುತ್ತಿದ್ದಳು.

ಆಮೇಲೆ ಮಹಾದೇವಿಗೆ ಜ್ವರ ಬಂದು ಎರಡು ದಿನ ರಜೆಯಾಯಿತು. ಎರಡು ದಿನವೂ ನಿಶ್ಮಿತಾ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಜ್ವರ ಹೇಗಿದೆ ಎಂದು ಕೇಳದೆ ಜ್ಯೋತ್ಸ್ನಾ ಹೇಳಿದಳು: "ಭಾನುವಾರ ಬಾ. ಎಲ್ಲಾ ಕಥೆ ಫೋನಿನಲ್ಲಿ ರೆಕಾರ್ಡ್ ಮಾಡುವ."

ರೆಕಾರ್ಡ್ ಎಂಬ ಮಾತು ಕೇಳಿ ಮಹಾದೇವಿ ಹಿಗ್ಗಿದಳು. ಭಾನುವಾರ ತಲೆಗೆ ಎಣ್ಣೆ ಹಚ್ಚಿ ಬಾಚಿ, ಮಗಳ ಮದುವೆಯ ಇಳಕಲ್ ಸೀರೆ ಉಟ್ಟು ಬಂದಳು.

"ಸೀರೆ ಎಂಥಕ್ಕೆ? ಬರೀ ಆವಾಜ್ ಬೇಕಾದ್ದು," ಎಂದು ಜ್ಯೋತ್ಸ್ನಾ ನಕ್ಕಳು.

ಆದರೂ ಅವತ್ತು ಆ ಮನೆ ಅವಳಿಗಾಗಿ ನಿಂತಿತು. ಫ್ಯಾನು ನಿಂತಿತು, ಮಿಕ್ಸರ್ ನಿಂತಿತು, ಸದ್ದಾಗಬಾರದೆಂದು ಮಗುವನ್ನೂ ಪಕ್ಕದ ಮನೆಗೆ ಕಳಿಸಿದ್ದರು. ಮಹಾದೇವಿ ಬಿಸಿನೀರು ಕುಡಿಯುತ್ತ ಬೆವರುತ್ತ ಒಂಬತ್ತು ಕಥೆ ಓದಿದಳು. ಪುಸ್ತಕ ಮಡಚಿದಳು.

"ಇನ್ನೊಂದು ಉಂಟಲ್ಲ?"

"ಅದು ಕೂಸಿನ ಹುಟ್ಟಿದ ದಿನಕ್ಕ ಇಟ್ಟೀನ್ರೀ ಭಾಭಿ. ನಾನೂ ಇನ್ನಾ ಓದಿಲ್ಲ."

"ನೀನು ಇಡ್ಲಿಕ್ಕೆ ಪುಸ್ತಕ ನಿನ್ನದಾ? ಓದು, ಸೆಕೆ ಆಗ್ತಾ ಉಂಟು."

ಮಹಾದೇವಿ ಓದಿದಳು. ಎಮ್ಮೆ ಯಜಮಾನಿಯನ್ನು ಹೆದರಿಸಿ ಸೇಡು ತೀರಿಸಿಕೊಳ್ಳಲು ಬರುತ್ತದೆ. ಕಿಟಕಿಯಲ್ಲಿ ನಿಂತು ಕಣ್ಣು ಕೆಂಪಗೆ ಮಾಡುತ್ತದೆ, ನಾಲಿಗೆ ಮೊಳದುದ್ದ ಚಾಚುತ್ತದೆ. ಮುದುಕಿ ಒಳಗಿನಿಂದ ತಂಬಿಗೆ ತಂದು, 'ಬಂದೆಯಾ? ಎಷ್ಟು ತಡ!' ಎಂದು ಕೆಚ್ಚಲ ಬಳಿ ಕೂತೇಬಿಡುತ್ತಾಳೆ.

ಮಹಾದೇವಿಗೆ ನಗು ಹೊಟ್ಟೆಯಿಂದ ಉಕ್ಕಿ ಬಂತು. ಸೆರಗು ಬಾಯಿಗೆ ಒತ್ತಿದರೂ ನಿಲ್ಲಲಿಲ್ಲ. "ಸತ್ತರೂ ಬಿಡ್ಲಿಲ್ಲ ನೋಡ್ರೀ ಭಾಭಿ, ಸತ್ತರೂ ಹಾಲು ಕರೀತಾಳ!" ಎಂದು ಕಣ್ಣೀರು ಒರೆಸಿಕೊಂಡಳು.

ಜ್ಯೋತ್ಸ್ನಾ ತುಟಿಯ ಮೇಲೆ ಬೆರಳಿಟ್ಟು ಫೋನು ನಿಲ್ಲಿಸಿದಳು. "ಎಲ್ಲಾ ಹಾಳಾಯ್ತು. ಇದನ್ನು ಪುನಃ ಓದು. ನಗಬೇಡ. ನೀನು ನಕ್ಕರೆ ಅವಳು ನಗ್ತಾಳೆ, ಅನ್ನ ನೆತ್ತಿಗೇರ್ತದೆ."

ಎರಡನೆಯ ಸಲವೂ ನಗು ಬಂತು. ಮೂರನೆಯ ಸಲಕ್ಕೆ ಬರಲಿಲ್ಲ. ಅದನ್ನೇ ಉಳಿಸಿಕೊಂಡರು.

"ಭಾಭಿ, ಬುಕ್ಕು ಎರಡು ದಿನ ಮನಿಗಿ ಒಯ್ಯಲೇನ್ರೀ?"

"ಬೇಡ. ರೆಕಾರ್ಡಿಂಗ್ ಡಿಲೀಟ್ ಆದ್ರೆ?" ಎಂದು ಜ್ಯೋತ್ಸ್ನಾ ಪುಸ್ತಕವನ್ನು ಗಾಜಿನ ಶೋಕೇಸಿನೊಳಗಿಟ್ಟು ಬೀಗ ಹಾಕಿದಳು.

ಸೋಮವಾರ ಒಂದೂವರೆಗೆ ಮಹಾದೇವಿ ಕೈ ಒರೆಸಿಕೊಂಡು ಬಂದರೆ ಮೇಜಿನ ಹತ್ತಿರ ಸ್ಟೂಲು ಇರಲಿಲ್ಲ. ಅದು ಬಾತ್‌ರೂಮಿನಲ್ಲಿತ್ತು.

"ಇಷ್ಟು ದಿನ ಮೇಲಿನ ಟೈಲ್ಸ್ ಉಜ್ಜಲಿಕ್ಕೇ ಆಗ್ಲಿಲ್ಲ ನೋಡು. ಅದರ ಮೇಲೆ ಹತ್ತಿ ಉಜ್ಜು. ಈಗ ಟೈಮ್ ಉಂಟಲ್ಲ."

ಮಹಾದೇವಿ ಸ್ಟೂಲಿನ ಮೇಲೆ ನಿಂತಳು. ಬ್ರಷ್ಷಿನಿಂದ ಆಸಿಡ್ ನೀರು ಮೊಣಕೈವರೆಗೆ ಇಳಿಯುತ್ತಿತ್ತು. ಹೊರಗೆ ಹಾಲ್‌ನಿಂದ ಒಂದು ಹೆಂಗಸಿನ ದನಿ ಕೇಳಿತು. ಯಾರೋ ಊರಿನವಳು ಬಂದಿದ್ದಾಳೆ ಎಂದು ಒಂದು ಗಳಿಗೆ ಅವಳಿಗೆ ಸಂತೋಷವೂ ಆಯಿತು. ಆಮೇಲೆ ಮೈ ಜುಮ್ಮೆಂದಿತು. ಆ ದನಿ ಹೇಳುತ್ತಿತ್ತು: ಅಂಜಬ್ಯಾಡ್ರೀ, ನಾ ಸತ್ತೀನಿ, ಅಷ್ಟ.

ವಾರ ಸರಾಗವಾಗಿ ನಡೆಯಿತು. ನಿಶ್ಮಿತಾಳ ಹುಟ್ಟಿದ ದಿನ ಹತ್ತನೆಯ ಕಥೆ ಹಚ್ಚಿದರು. ಮುದುಕಿ ತಂಬಿಗೆ ತಂದಳು, ದನಿ ಸಪ್ಪಗೆ ಮುಂದೆ ಹೋಯಿತು. ಹುಡುಗಿ ಬಾಯಿ ಮುಚ್ಚಿಕೊಂಡು ಕುರ್ಚಿಯಿಂದ ಇಳಿದು, ಮಹಾದೇವಿ ಟೈಲ್ಸ್ ಉಜ್ಜುತ್ತಿದ್ದ ಬಾತ್‌ರೂಮಿನ ಬಾಗಿಲಿಗೆ ಬಂದಳು.

"ಮಹಾದೇವಿ, ಫೋನ್‌ವಾಲಿ ನಗೂದೇ ಇಲ್ಲ. ತೂ ಹಸ್ ನಾ!"

ಮಹಾದೇವಿ ಬ್ರಷ್ಷು ಕೆಳಗಿಟ್ಟು, ಸ್ಟೂಲಿನಿಂದ ಇಳಿಯಲು ಕಾಲು ಚಾಚಿದಳು.

"ಇಳೀಬೇಡ, ಇಳೀಬೇಡ," ಜ್ಯೋತ್ಸ್ನಾ ಮಗಳ ಹಿಂದೆಯೇ ತಟ್ಟೆ ಹಿಡಿದು ಬಂದಿದ್ದಳು. "ನೆಲ ಎಲ್ಲಾ ಒದ್ದೆ ಮಾಡ್ತಿ. ಒಂದು ಕೆಲಸ ಮಾಡು. ಆ ತಂಬಿಗೆಯ ಜಾಗ ಬಂದ ಕೂಡಲೇ ಅಲ್ಲಿಂದಲೇ ಗಟ್ಟಿಯಾಗಿ ನಗು. ಕೈ ನಿಲ್ಲಿಸಬೇಡ."

ಕಥೆಯನ್ನು ಹಿಂದಕ್ಕೆ ತಳ್ಳಿ ಮತ್ತೆ ಹಚ್ಚಿದರು. ಎಮ್ಮೆ ಕಿಟಕಿಗೆ ಬಂತು, ನಾಲಿಗೆ ಚಾಚಿತು. ಮುದುಕಿ ಒಳಗಿನಿಂದ ಬಂದಳು. ಜ್ಯೋತ್ಸ್ನಾ ತುತ್ತು ಎತ್ತಿ ಹಿಡಿದು ಕಾಯುತ್ತಿದ್ದಳು.

ಗೋಡೆಗೆ ಮುಖ ಮಾಡಿ, ಟೈಲ್ಸ್ ಉಜ್ಜುತ್ತ, ಮಹಾದೇವಿ ನಕ್ಕಳು. ಹೊರಗೆ ನಿಶ್ಮಿತಾ ಬಾಯಿ ತೆರೆದಳು.