ಹೂಕುಂಡಗಳ ಹಿಂದಿನ ಪಾದ

ಅಮ್ಮನ ಹಳೆ ಟ್ರಂಕಿನ ಮುಚ್ಚಳದ ಒಳಗೆ ಒಂದು ಚಿತ್ರ ಅಂಟಿಸಿದೆ. ಹುಡುಗಿಯಾಗಿದ್ದಾಗ ಯಾವುದೋ ಕ್ಯಾಲೆಂಡರಿನಿಂದ ಕತ್ತರಿಸಿಕೊಂಡದ್ದು. ಬಿಳಿ ಲಂಗದ ಬ್ಯಾಲೆ ನರ್ತಕಿಯೊಬ್ಬಳು ಒಂದೇ ಕಾಲಿನ ಬೆರಳ ತುದಿಯ ಮೇಲೆ ನಿಂತಿದ್ದಾಳೆ. "ಮೇಲಿಂದ ದಾರ ಕಟ್ಟಿರ್ತಾರೆ, ಫೋಟೋದಲ್ಲಿ ಕಾಣಲ್ಲ ಅಷ್ಟೆ" ಎಂದು ನನ್ನ ಸೋದರಮಾವ ಆಗಲೇ ತೀರ್ಪು ಕೊಟ್ಟಿದ್ದನಂತೆ. ಮಾವ ತೀರಿಕೊಂಡ ಮೇಲೂ ಅಮ್ಮನಿಗೆ ಆ ಜಗಳ ಮುಗಿದಿರಲಿಲ್ಲ.

ಕಳೆದ ವರ್ಷ ಹೊರದೇಶದ ಬ್ಯಾಲೆ ತಂಡವೊಂದು ಮೈಸೂರಿಗೆ ಬರುತ್ತದೆಂದು ಗೊತ್ತಾಗುವ ಹೊತ್ತಿಗೆ ಅಮ್ಮನ ಬಲಗಣ್ಣು ಹೋಗಿತ್ತು. ಎಡಗಣ್ಣಿನ ವಿಷಯದಲ್ಲೂ ಡಾಕ್ಟರು ಕೈಚೆಲ್ಲಿದ್ದರು. ಹತ್ತಿರದ್ದಷ್ಟೇ ಕಾಣುತ್ತಿತ್ತು. ಇವಳನ್ನು ಕರೆದುಕೊಂಡು ಹೋಗೇ ತೀರುತ್ತೇನೆ, ಮುಂದಿನ ಸಾಲಲ್ಲೇ ಕೂರಿಸುತ್ತೇನೆ ಎಂದು ನಾನು ಹಟ ಹಿಡಿದೆ.

ಮುಂದಿನ ಸಾಲೆಂದರೆ ನಮ್ಮೂರಿನ ಸಭಾಂಗಣಗಳಲ್ಲಿ ಬಿಳಿ ಟವಲು ಹೊದಿಸಿದ ಸೋಫಾಗಳು. ಗಣ್ಯರಿಗೆ ಮೀಸಲು. ಅವರು ಬರುವುದು ತಡವಾಗಿ, ಏಳುವುದು ಹಾರ ಬಿದ್ದ ಕೂಡಲೇ. ಕೃಷ್ಣಮೂರ್ತಿಪುರಂನಿಂದ ಆಟೋ ಹಿಡಿದು ಎಲ್ಲರಿಗಿಂತ ಮೊದಲೇ ಹೋಗಿ, ನಟ್ಟನಡುವಿನ ಸೋಫಾದಲ್ಲಿ ಅಮ್ಮನನ್ನು ಕೂರಿಸಿಯೇಬಿಟ್ಟೆ. ಬ್ಯಾಡ್ಜು ಹಾಕಿಕೊಂಡ ಕಾರ್ಯಕರ್ತರೊಬ್ಬರು ಓಡಿಬಂದರು.

"ಮೇಡಂ, ಇದು ವಿಐಪಿಗಳಿಗೆ ಕಣ್ರೀ."

"ಅವರು ಬಂದಾಗ ಏಳ್ತೀವಿ, ಹೋಗ್ರೀ" ಅಂದೆ. ಏಳುವ ಉದ್ದೇಶ ನನಗೇನೂ ಇರಲಿಲ್ಲ. ಗಣ್ಯರು ಬಂದರು. ಅಮ್ಮನ ನೆರೆತ ತಲೆ ನೋಡಿ ಯಾರೂ ಏಳಿ ಎನ್ನಲಿಲ್ಲ.

ದೀಪ ಬೆಳಗಿದ್ದಾಯಿತು, ಪೇಟ ಶಾಲು ಆಯಿತು, ಪರದೆ ಸರಿಯಿತು. ಉದ್ಘಾಟನೆಗೆಂದು ವೇದಿಕೆಯ ಅಂಚಿನುದ್ದಕ್ಕೂ ಜೋಡಿಸಿದ್ದ ಸೇವಂತಿಗೆ, ಕ್ರೋಟನ್ ಕುಂಡಗಳನ್ನು ಯಾರೂ ತೆಗೆದಿರಲಿಲ್ಲ. ನಾವು ಸಭೆಗಳಿಗೆ ವೇದಿಕೆ ಸಿಂಗರಿಸಿ ರೂಢಿಯಾದ ಜನ. ಭಾಷಣ ಮಾಡುವವರ ಪಾದ ಯಾರಿಗೆ ಬೇಕು? ತಗ್ಗಿನ ಸೋಫಾದಿಂದ ನೋಡಿದರೆ ನರ್ತಕಿಯರು ಮೊಣಕಾಲಿನಿಂದ ಮೇಲಷ್ಟೇ ಇದ್ದರು.

"ಪಾದ ಎಲ್ಲೇ?" ಅಮ್ಮ ಕತ್ತು ಚಾಚಿದಳು. "ಇದೂ ಹೋಯ್ತಾ ನನ್ ಕಣ್ಣು?"

"ಕಣ್ಣಿಗೇನಾಗಿಲ್ಲಮ್ಮ. ಕುಂಡ ಅಡ್ಡ ಇದೆ."

"ಹೋಗ್ಲಿ ಬುಡು. ನಾನ್ ಪಡ್ಕೊಂಡ್ ಬಂದಿದ್ದು ಇಷ್ಟೇ."

ನನಗೆ ಮೈಯೆಲ್ಲ ಉರಿದುಹೋಯಿತು. ಓದು ಬಿಡಿಸಿದಾಗಲೂ ಹೋಗ್ಲಿ ಬುಡು, ಒಡವೆ ಮಾರಿದಾಗಲೂ ಹೋಗ್ಲಿ ಬುಡು. ಇವತ್ತು ಬಿಡುವುದಿಲ್ಲ ಎಂದುಕೊಂಡೆ.

ಮಧ್ಯಂತರದಲ್ಲಿ ಪರದೆ ಬಿದ್ದು ದೀಪ ಹತ್ತಿದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ವೇದಿಕೆ ಹತ್ತಿ ಕುಂಡಕ್ಕೆ ಕೈಹಾಕಿದೆ. ಅದೇ ಕಾರ್ಯಕರ್ತರು ಹಾಜರು.

"ಏನ್ ಮಾಡ್ತಿದೀರಾ? ಅಧ್ಯಕ್ಷರು ಹೇಳಿ ಇಡ್ಸಿರೋದು!"

"ಅಧ್ಯಕ್ಷರನ್ನೂ ಕರೀರಿ. ಭಾರ ಇದೆ, ಒಂದು ಕೈ ಹಿಡೀಲಿ."

"ತೆಗೀರಿ ಮೇಡಂ, ನಮ್ಗೂ ಕಾಲು ಕಾಣ್ತಿಲ್ಲ" ಎಂದು ಎರಡನೇ ಸಾಲಿನಿಂದ ಯಾರೋ ಕೂಗಿದರು. ಇನ್ನೊಬ್ಬರು ಎದ್ದುಬಂದು ಕ್ರೋಟನ್ ಎತ್ತಿದರು. ಕಾರ್ಯಕರ್ತರು ಸ್ವಲ್ಪ ಹೊತ್ತು ಗೊಣಗಿ, ಕೊನೆಗೆ ತಾವೂ ಒಂದು ಕುಂಡ ತಬ್ಬಿಕೊಂಡು ನಡೆದರು. ನನ್ನ ರೇಷ್ಮೆ ಸೀರೆಯೆಲ್ಲ ಕೆಸರು.

ಪರದೆ ಮತ್ತೆ ಸರಿಯಿತು. ಒಬ್ಬಳೇ ನರ್ತಕಿ ವೇದಿಕೆಯ ಅಂಚಿನವರೆಗೂ ಬಂದು, ಒಂದು ಕಾಲು ಹಿಂದಕ್ಕೆ ಚಾಚಿ, ಇನ್ನೊಂದರ ಬೆರಳ ತುದಿಯ ಮೇಲೆ ನಿಂತಳು. ನಿಂತೇ ಇದ್ದಳು. ಅಮ್ಮ ಸೋಫಾದಿಂದ ಎದ್ದಳು. ಆ ಪಾದ ನೋಡಿದಳು, ಆಮೇಲೆ ಮೇಲೆ, ನರ್ತಕಿಯ ತಲೆಯ ಸುತ್ತ, ನಿಧಾನವಾಗಿ ಹುಡುಕಿದಳು.

"ದಾರ ಇಲ್ಲ ಕಣೇ!"

ಇಡೀ ಸಭಾಂಗಣಕ್ಕೆ ಕೇಳಿಸಿತು. ಅಕ್ಕಪಕ್ಕದವರು ಶ್ ಎಂದರು. ಅನ್ನಲಿ. ನನ್ನ ಎರಡು ಕಣ್ಣೂ ತುಂಬಿ, ದೃಷ್ಟಿ ನೆಟ್ಟಗಿದ್ದ ನನಗೇ ಆ ನರ್ತಕಿ ಸರಿಯಾಗಿ ಕಾಣಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಅಮ್ಮ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದಳು. ನಿದ್ದೆ ಬಂತಾ ಎಂದು ಕೇಳಿದೆ.

"ಇಲ್ಲ ಕಣೇ" ಅಂದಳು. "ಬೇರೆ ಏನಾದ್ರೂ ನೋಡ್ಬುಟ್ರೆ ಅದು ಅಳಿಸೋಗುತ್ತೆ."