ಬೀಗದ ಡ್ರೈವರಿಗೆ ಹೊಲಿದುಕೊಟ್ಟ ಕರುಳಿನ ಚೀಲ

ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ 'ಬೀಗ' ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಸೀಟು ಹತ್ತಿದರೆ ಕೊನೆಯ ನಿಲ್ದಾಣದವರೆಗೆ ಮೂತ್ರಕ್ಕೆಂದು ಇಳಿದ ಆಸಾಮಿಯಲ್ಲ. ಉಳಿದ ಡ್ರೈವರುಗಳು ಮರ ಕಂಡಲ್ಲೆಲ್ಲ ಬ್ರೇಕು ಒತ್ತಿದರೆ ಇವನು ಮೀಸೆಯಡಿಯಲ್ಲೇ ನಗುತ್ತಿದ್ದ. ಇದೂ ಒಂದು ಹೆಚ್ಚುಗಾರಿಕೆಯೇ ಎಂದು ನೀವು ಕೇಳಬಹುದು. ಹೇಳಿಕೊಳ್ಳಲು ಬೇರೇನೂ ಇಲ್ಲದವನು ಇದ್ದುದನ್ನೇ ತಲೆಯ ಮೇಲೆ ಹೊತ್ತು ಮೆರೆಯುತ್ತಾನೆ.

ಐವತ್ತು ದಾಟಿದ ಮೇಲೆ ಮೂತ್ರದಲ್ಲಿ ರಕ್ತ ಕಂಡಿತು. ಮೂತ್ರಕೋಶಕ್ಕೆ ಕ್ಯಾನ್ಸರ್ ಹಿಡಿದಿದೆ, ಪೂರ್ತಿ ತೆಗೆಯಬೇಕು ಎಂದರು ಡಾಕ್ಟರು. ಹೊಟ್ಟೆಯ ಹೊರಗೆ ಮೂತ್ರ ತುಂಬುವ ಚೀಲ ಅಂಟಿಸಿಕೊಂಡರೆ ರಗಳೆ ಕಡಿಮೆ. ಒಳಗೇ ಹೊಸದು ಕಟ್ಟಿಸಿಕೊಂಡರೆ ಅದನ್ನು ಪಳಗಿಸಬೇಕು. ಅವನು ಒಳಗಿನದನ್ನೇ ಬೇಡಿದ. ಅವನಿಗೆ ಬೇಕಾಗಿದ್ದದ್ದು ಒಂದೇ, ಮತ್ತೆ ಸ್ಟೀರಿಂಗು.

ಡಾಕ್ಟರು ಗಂಡಹೆಂಡಿರನ್ನು ಕೂರಿಸಿಕೊಂಡು ಚಿತ್ರ ಬರೆದು ವಿವರಿಸಿದರು. ಸಣ್ಣ ಕರುಳಿನ ಒಂದು ತುಂಡನ್ನು ಬೇರ್ಪಡಿಸಿ, ಉದ್ದಕ್ಕೂ ಸೀಳಿ, ಮಡಚಿ, ದುಂಡನೆಯ ಚೀಲವಾಗಿ ಹೊಲಿಯುತ್ತಾರೆ. ಕೊಳವೆಯಾಗಿಯೇ ಬಿಟ್ಟರೆ ಕರುಳು ಹುಟ್ಟುಗುಣ ಬಿಡುವುದಿಲ್ಲ, ಅನ್ನ ತಳ್ಳಿದ ಹಾಗೆ ಮೂತ್ರವನ್ನೂ ತಳ್ಳುತ್ತದೆ. ಸೀಳಿ ಮಡಚಿದರೆ ಒಂದು ಭಾಗ ಹಿಂಡುವಾಗ ಇನ್ನೊಂದು ಸಡಿಲವಾಗಿರುತ್ತದೆ, ಒಳಗಿನ ಒತ್ತಡ ಏರುವುದಿಲ್ಲ. ಕೆಳಗೆ ಬಿಗಿಹಿಡಿಯುವ ಸ್ನಾಯುವಿನ ಉಂಗುರ ಮಾತ್ರ ಅವನದೇ. ಆ ಹಿಡಿತ ಒಳಗಿನ ಒತ್ತಡಕ್ಕಿಂತ ಜಾಸ್ತಿ ಇರುವವರೆಗೆ ಸೋರುವುದಿಲ್ಲ.

"ಆದ್ರೆ ತುಂಬಿದೆ ಅಂತ ಇದು ಮೊದಲಿನ ಹಾಗೆ ಹೇಳಲ್ಲ. ಗಡಿಯಾರ ನೋಡ್ಕೊಂಡು ಹೋಗ್ಬೇಕು. ತಡೆದು ತಡೆದು ಹಿಗ್ಗಿಸಿದ್ರೆ ಜೋತುಬೀಳತ್ತೆ, ಆಮೇಲೆ ಖಾಲಿಯಾಗಲ್ಲ. ಅಮ್ಮಾ, ನೀವು ನೆನಪು ಮಾಡ್ತಿರಿ" ಎಂದರು. ಹೆಂಡತಿ ತಲೆಯಾಡಿಸಿದಳು.

ಮೊದಮೊದಲು ಕೆಮ್ಮಿದರೂ ಒದ್ದೆಯಾಗುತ್ತಿತ್ತು. ಉಂಗುರವನ್ನು ಬಿಗಿಯುವುದು, ಬಿಡುವುದು. ಕೂತು, ಕೆಳಗೆ ಸಡಿಲಬಿಟ್ಟು, ಹೊಟ್ಟೆ ಒತ್ತಿ ಖಾಲಿ ಮಾಡುವುದು, ಎಲ್ಲವನ್ನೂ ಮಗುವಿನ ಹಾಗೆ ಕಲಿತ. ಅವಳು ಮುಖ ಸಿಂಡರಿಸದೆ ಬಟ್ಟೆ ಒಗೆದಳು. ಹಗಲೆಲ್ಲ ಒಣಗಿರುವ ಕಾಲ ಬಂದಾಗ ಡಿಪೋ ಅವನನ್ನು ವಾಪಸ್ ಕರೆಯಿತು.

ಅವಳಿಗೆ ಧೈರ್ಯ ಸಾಲಲಿಲ್ಲ. ಹೊತ್ತುಹೊತ್ತಿಗೆ ಕಂಡಕ್ಟರನ ಫೋನಿಗೆ ಕರೆ ಮಾಡಿ, ಅವರನ್ನು ಒಮ್ಮೆ ಇಳಿಸಪ್ಪಾ ಎನ್ನುತ್ತಿದ್ದಳು. ಸುದ್ದಿ ಡಿಪೋ ತುಂಬ ಹರಡಿತು. ಬೀಗದ ಕೀಲಿ ಹೆಂಡತಿಯ ಸೆರಗಿನಲ್ಲಿದೆ ಎಂದು ನಗಾಡಿದರು. ಅವತ್ತು ಅವನು ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚಲಿಲ್ಲ.

"ನಾನೇನು ತೊಟ್ಟಿಲ ಕೂಸಾ? ಇನ್ಮೇಲೆ ಈ ಮಾತು ನಿನ್ನ ಬಾಯಲ್ಲಿ ಬಂದ್ರೆ ನಾನು ಮನುಷ್ಯನಾಗಿರಲ್ಲ."

ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಅವನು ಹಳೆಯ ಚಾಳಿಗೆ ಬಿದ್ದ. ಹಳೆಯ ಮೂತ್ರಕೋಶ ಚುಚ್ಚಿಯಾದರೂ ಎಚ್ಚರಿಸುತ್ತಿತ್ತು, ಹೊಸದು ತೆಪ್ಪಗಿತ್ತು. ಡಿಪೋದಿಂದ ಕೊನೆಯ ನಿಲ್ದಾಣದವರೆಗೆ ಹನಿ ಬೀಳದ್ದನ್ನು ಕಂಡು ಹಿರಿಹಿರಿ ಹಿಗ್ಗಿದ. ಮನೆಯಲ್ಲಿ ಅವಳು ಗಡಿಯಾರ ನೋಡುತ್ತಿದ್ದಳು, ಅವನ ಮುಖ ನೋಡುತ್ತಿದ್ದಳು, ಸುಮ್ಮನಾಗುತ್ತಿದ್ದಳು. ಅದು ಅವನಿಗೆ ಕಾಣುತ್ತಿತ್ತು.

ಕೊನೆಗೆ ಚಳಿಜ್ವರ ಬಂದು ಆಸ್ಪತ್ರೆ ಸೇರಿದ. ಚೀಲ ಜೋತುಬಿದ್ದಿತ್ತು, ಎಷ್ಟು ಒತ್ತಿದರೂ ಅರ್ಧ ಒಳಗೇ ಉಳಿಯುತ್ತಿತ್ತು, ಕಿಡ್ನಿಗೂ ಪೆಟ್ಟು ತಗುಲಿತ್ತು. ಇನ್ನು ಬದುಕಿರುವಷ್ಟು ದಿನ ಹೊತ್ತುಹೊತ್ತಿಗೆ ಮೂತ್ರದ ದಾರಿಯಲ್ಲಿ ನಳಿಗೆ ತೂರಿಸಿಯೇ ಖಾಲಿ ಮಾಡಬೇಕು. ಬಸ್ಸಿನ ಮಾತು ಮುಗಿಯಿತು.

ಡಾಕ್ಟರು ತಿರುಗಿದ್ದು ಅವಳ ಕಡೆಗೆ. "ಅಷ್ಟು ಹೇಳಿದ್ದೆನಲ್ಲಮ್ಮಾ. ನೆನಪು ಮಾಡ್ಲಿಲ್ವಾ?"

ಅವಳು ಗಂಡನನ್ನೊಮ್ಮೆ ನೋಡಿದಳು. "ನಂದೇ ತಪ್ಪು ಡಾಕ್ಟ್ರೇ. ಮರೆತುಬಿಟ್ಟೆ."

ಡಾಕ್ಟರು ಗದರಿದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವನು ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು, ಬಿಡಲಿಲ್ಲ. ಕೆಲಸ ಹೋದದ್ದಕ್ಕಿಂತ ಆ ಗಳಿಗೆಯೇ ಅವನನ್ನು ಈಗ ಹೆಚ್ಚು ಕಾಡುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮನೆಗೆ ಬಂದ ಮೇಲೆ ಒಂದು ಸಂಜೆ, ನಳಿಗೆ ತೊಳೆದಿಡುತ್ತಿದ್ದ ಅವಳನ್ನು ಹತ್ತಿರ ಕರೆದು, ಹೊತ್ತಾದಾಗ ಇನ್ನು ನೀನೇ ಹೇಳಬೇಕು ಎಂದು ಕೇಳಿಕೊಂಡ.

ಅವಳು ಕೈ ಒರೆಸಿಕೊಂಡಳು. "ಬೇರೆ ಏನು ಬೇಕಾದ್ರೂ ಮಾಡ್ತೀನಿ ರೀ. ಅದೊಂದು ಮಾತ್ರ ಬೇಡ. ಹೇಳೋಕೆ ನಂಗೆ ಈಗ್ಲೂ ಭಯ."